ಗಂಗಕ್ಕನ ಕರಿ ಎಲೆ ಭತ್ತ

ಪಾರಿಶ್ವಾಡದ ಗಂಗಾದೇವಿ, ನಮ್ಮೆಲ್ಲರ ಗಂಗಕ್ಕ, ಬಂದವರ ಹೆಸರು ಕೇಳುವ ಮೊದಲು ಅಂಗೈ ನೋಡುತ್ತಾಳೆ. ಮೆತ್ತಗಿದ್ದರೆ ಕಳೆ ಕೀಳುವ ಕೆಲಸ, ಒರಟಾಗಿದ್ದರೆ ಬದುವಿಗೆ ಮಣ್ಣು ಹಾಕುವ ಕೆಲಸ. ನನ್ನದನ್ನು ನೋಡಿ ನಕ್ಕುಬಿಟ್ಟಳು. ಮೂವತ್ತೆರಡು ವರ್ಷ ಬೆಳಗಾವಿಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಷ್ಟ್ರು ನಾನು. ಆ ನಗೆ ಸ್ವಲ್ಪ ಚುಚ್ಚಿತು ಅನ್ನಿ.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವನು ರಾಮತೀರ್ಥ ನಗರದಲ್ಲಿ ನಮ್ಮ ಪಕ್ಕದ ಮನೆಯ ವಿನಯ. ತಿಂಗಳಿಗೊಂದು ಭಾನುವಾರ, ಹದಿನಾಲ್ಕು ಜನ, ಆಟೋ ನಗರದ ವಹಾಬನ ಟೆಂಪೋ. ಇದು ಬರೀ ನೋಡಿ ಬರುವ ಪ್ರವಾಸವಲ್ಲ, ಹೋದ ನೆಲವನ್ನು ಮೊದಲಿಗಿಂತ ಚೆನ್ನಾಗಿ ಮಾಡಿ ಬರುವ ಪ್ರವಾಸ ಎಂದು ವಿನಯ ಭಾಷಣ ಮಾಡುತ್ತಿದ್ದ. ಗಂಗಕ್ಕನಿಗೆ ಅಂಥ ದೊಡ್ಡ ಮಾತು ಬೇಕಿಲ್ಲ. ಮೊದಲು ರೊಟ್ಟಿ, ಪಲ್ಯ, ಮೊಸರು, ಆಮೇಲೆ ಹೊಲ. ಹಾಗೆ ಉಣಿಸಿ ದುಡಿಸಿಯೇ ಎರಡು ವರ್ಷದಲ್ಲಿ ಒಡೆದ ಬದುಗಳನ್ನೆಲ್ಲ ಕಟ್ಟಿಸಿಕೊಂಡಿದ್ದಳು.

ಜುಲೈ ತಿಂಗಳು, ಜಿಟಿಜಿಟಿ ಮಳೆ. ಉಂಡಾದ ಮೇಲೆ ನಮ್ಮನ್ನು ಒಂದು ಸಣ್ಣ ಭತ್ತದ ಗದ್ದೆಗೆ ಬಿಟ್ಟು, ಕಳೆ ಕೀಳುತ್ತಿರಿ ಎಂದು ಹೇಳಿ, ಎಮ್ಮೆಗೆ ಹುಲ್ಲು ತರಲು ಹೋದಳು. ಗದ್ದೆಯಲ್ಲಿ ಅರ್ಧ ಸಸಿ ಹಸಿರು, ಅರ್ಧ ನೇರಳೆಗಪ್ಪು. ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಎಲೆ ನೇರಳೆಯಾದರೆ ರಂಜಕದ ಕೊರತೆ, ಹತ್ತನೇ ಇಯತ್ತೆಯ ಮಕ್ಕಳಿಗೂ ಗೊತ್ತು. ರೋಗ ಹಿಡಿದದ್ದನ್ನು ಇಟ್ಟುಕೊಂಡು ಏನು ಮಾಡುವುದು, ಕಿತ್ತುಬಿಡಿ ಎಂದು ಪಾಠ ಮಾಡಿದೆ. ವಿನಯ ಗಂಗಕ್ಕನನ್ನು ಒಂದು ಮಾತು ಕೇಳೋಣವೇ ಎಂದ. ನಾನು ಕೇಳಿಸಿಕೊಳ್ಳಲಿಲ್ಲ. ಒಂದು ತಾಸಿನಲ್ಲಿ ಗದ್ದೆ ಹಸಿರೋ ಹಸಿರು.

ಗಂಗಕ್ಕ ಬಂದವಳು ಹುಲ್ಲಿನ ಹೊರೆ ಇಳಿಸಿ ಬದುವಿನ ಮೇಲೆ ಕೂತಳು.

"ಹಸರ ಕೀಳಬೇಕಿತ್ತರಿ ಸರ. ಕರೇದ ನಮ್ಮ ಭತ್ತ," ಎಂದಳು. "ನಮ್ಮತ್ತಿ ಕೊಟ್ಟ ಬೀಜ. ಇದ್ದದ್ದಷ್ಟೂ ಇಲ್ಲೇ ಬಿತ್ತೀನಿ."

ಆಮೇಲೆ ತಿಳಿಯಿತು. ಆ ಗದ್ದೆಗೆ ಕಾಡು ಭತ್ತದ ಕಾಟ. ಸಣ್ಣದಿರುವಾಗ ಅದು ಥೇಟು ಭತ್ತದ ಸಸಿಯೇ. ಹುಟ್ಟಾ ರೈತನೂ ಮೋಸ ಹೋಗುತ್ತಾನೆ. ಅದಕ್ಕೇ ಕಾಟ ಹೆಚ್ಚಾದ ವರ್ಷ ಇವರ ಮನೆಯಲ್ಲಿ ಕರಿ ಎಲೆಯ ಭತ್ತ ಬಿತ್ತುತ್ತಾರೆ. ಹಸಿರು ಕಂಡದ್ದನ್ನೆಲ್ಲ ಕಣ್ಣು ಮುಚ್ಚಿ ಕಿತ್ತರಾಯಿತು. ಅದನ್ನು ನಮಗೆ ಬಿಡಿಸಿ ಹೇಳಬೇಕೆಂದು ಗಂಗಕ್ಕನಿಗೆ ಹೊಳೆದೇ ಇರಲಿಲ್ಲ. ಉಣ್ಣುವವರಿಗೆ ಬಾಯಿ ತೆರೆಯಿರಿ ಎಂದು ಯಾರು ಹೇಳುತ್ತಾರೆ? ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಗುಡ್ಡೆ ಹಾಕಿದ್ದ ಸಸಿಗಳಲ್ಲಿ ಒಂದು ಹಿಡಿ ತೆಗೆದು, ಬೇರು ಮೂಸಿ, ತಿರುಗಿಸಿ ನೋಡಿದಳು. "ಇನ್ನೂ ಜೀವ ಐತಿ. ನೀರಾಗ ಇಡ್ರಿ, ಹಚ್ಚೂಣು."

ಮೊದಲು ಹಸಿರನ್ನು ಕಿತ್ತೆವು, ಆಮೇಲೆ ಕೆಸರಿನಲ್ಲಿ ಕರಿ ಸಸಿ ಮತ್ತೆ ನೆಟ್ಟೆವು. ಮೂರಕ್ಕೇ ಹೊರಡಬೇಕಿದ್ದ ವಹಾಬ ಪ್ಯಾಂಟು ಮಡಚಿ ತಾನೂ ಇಳಿದ. ಕತ್ತಲಾಗುವ ಹೊತ್ತಿಗೆ ಗದ್ದೆ ಮುಗಿಯಿತು, ನನ್ನ ಸೊಂಟವೂ ಮುಗಿಯಿತು. ಆ ಮಳೆಗಾಲವಿಡೀ ಎಂಟು ದಿನಕ್ಕೊಮ್ಮೆ ನಾನು ಬಸ್ಸು ಹಿಡಿದು ಪಾರಿಶ್ವಾಡಕ್ಕೆ ಹೋದೆ. ಕೆಲವು ಸಸಿ ಕೊಳೆತವು, ಕೆಲವು ಒಣಗಿದವು. ಉಳಿದದ್ದು ಅರ್ಧ ಗದ್ದೆ ಇರಬಹುದು. ಗಂಗಕ್ಕ ಪ್ರತಿ ಸಲವೂ ರೊಟ್ಟಿ ಹಾಕಿದಳು. ಆ ದಿನದ ಮಾತು ಒಮ್ಮೆಯೂ ಎತ್ತಲಿಲ್ಲ. ಅಂಥ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ನವೆಂಬರಿನಲ್ಲಿ ರಾಶಿ ಮುಗಿದ ಮೇಲೆ ಬೀಜದ ಭತ್ತವನ್ನು ಎರಡು ಗಡಿಗೆಗೆ ಹಾಕಿದಳು. ಒಂದನ್ನು ಒಳಗಿಟ್ಟು, ಇನ್ನೊಂದನ್ನು ನನ್ನ ಮುಂದೆ ತಂದಿಟ್ಟಳು. ಒಂದೇ ಮನೆಯಲ್ಲಿದ್ದರೆ ಒಂದು ತಪ್ಪಿಗೆ ಎಲ್ಲ ಹೋಗುತ್ತದೆ, ಇದು ಬೆಳಗಾವಿಯಲ್ಲಿರಲಿ ಅಂದಳು. ಬೇಡ, ವಿನಯನಿಗೆ ಕೊಡಿ, ಅವನಾದರೂ ಅವತ್ತು ಕೇಳೋಣ ಅಂದಿದ್ದ ಎಂದೆ.

ಗಂಗಕ್ಕ ಗಡಿಗೆಯ ಬಾಯಿಗೆ ಬಟ್ಟೆ ಬಿಗಿಯುತ್ತಲೇ ಹೇಳಿದಳು: "ವಿನಯಗ ಮರತ ಹೋಕ್ಕೈತ್ರಿ ಸರ. ಕಿತ್ತಾವ್ರು ನೀವು, ನಿಮಗ ಜಲ್ಮದಾಗ ಮರಿಯೂದಿಲ್ಲ."