ಸುಲೋಚನಾ ಅವರು ಮಾಡದ ಸಾರು

ಸಾವಿನ ಎದುರು ನಿಂತಾಗ ಮನುಷ್ಯನ ಬಾಯಿಂದ ಸತ್ಯವಲ್ಲದೆ ಬೇರೇನೂ ಹೊರಡಲಾರದು. ಹೀಗೆಂದು ನಾನು ಬಹುಕಾಲ ನಂಬಿದ್ದೆ. ಆಮೇಲೆ ನನ್ನನ್ನೇ ಮಾತಾಡಲು ಕರೆದರು.

ಕಳೆದ ವರ್ಷ ಸುಲೋಚನಾ ಅವರ ಸಂತಾಪಸಭೆಯಲ್ಲಿ ನಾನು ಹೇಳಿದ್ದು ಸುಳ್ಳು. ಅಂದಕ್ಕೆಂದು ಸೇರಿಸಿದ ಚಿಟಿಕೆ ಸುಳ್ಳಲ್ಲ — ಮೊದಲಿನಿಂದ ಕೊನೆಯವರೆಗೆ, ಒಗ್ಗರಣೆ ಸಮೇತ.

ಸುಲೋಚನಾ ಎಂದರೆ ಡಾಕ್ಟರ್ ವೆಂಕಟಾಚಲ ಅವರ ಹೆಂಡತಿ. ಡಾಕ್ಟರನ್ನು ಡೆಟ್ರಾಯಿಟ್ ಕಡೆ ತಿಳಿಯದವರಿಲ್ಲ. ಹೃದಯದ ವೈದ್ಯರಾಗಿದ್ದವರು, ನಿವೃತ್ತಿಯ ನಂತರ ಅಲ್ಲಿಯದೇ ನಗರಸಭೆಗೆ ಆರಿಸಿಬಂದವರು. ಷಿಕಾಗೋದಲ್ಲೋ ಡೆಟ್ರಾಯಿಟಿನಲ್ಲೋ ಕನ್ನಡಿಗರು ದೀಪ ಹಚ್ಚಬೇಕಾದರೆ ಬೆಂಕಿಕಡ್ಡಿ ಅವರ ಕೈಗೇ ಹೋಗುತ್ತದೆ. ಇನ್ನು ನಾನು — ಷಿಕಾಗೋ ಪಕ್ಕದ ಲೊಂಬಾರ್ಡಿನ ಶ್ರೀಕಂಠ, ನಿವೃತ್ತ ಇಂಜಿನಿಯರು. ಈ ಭಾಗದಲ್ಲಿ ಯಾವ ಕನ್ನಡಿಗರು ತೀರಿಕೊಂಡರೂ ಸಂತಾಪದ ಖಾತೆ ನನ್ನದು. ಯಾರೂ ಪ್ರಮಾಣವಚನ ಬೋಧಿಸಲಿಲ್ಲ. ಒಮ್ಮೆ ಚೆನ್ನಾಗಿ ಮಾತಾಡಿದೆ, ಅಂಟಿಕೊಂಡಿತು. ಖಾತೆಯ ಕೆಲಸವೂ ಸುಲಭ. ಗಂಡಸರಾದರೆ ಅಜಾತಶತ್ರು. ಹೆಂಗಸರಾದರೆ ಅನ್ನಪೂರ್ಣೆ. ಹೆಸರು, ಊರು, ತಿಂಡಿ ಬದಲಾಯಿಸಿದರೆ ಸಾಕು.

ಅಂದು ಜೂಮಿನಲ್ಲಿ ಇಸ್ತ್ರಿ ಶರ್ಟು ತೊಟ್ಟು ಕೂತು ನಾನು ಹೇಳಿದ್ದಿಷ್ಟು: ನಾವು ಹೊಸದಾಗಿ ಡೆಟ್ರಾಯಿಟಿಗೆ ಬಂದಿಳಿದ ಚಳಿಗಾಲ. ಹೊರಗೆ ಹಿಮ. ಸುಲೋಚನಾ ಅವರು ನಮ್ಮನ್ನು ಮನೆಗೆ ಕರೆದು ಬಿಸಿ ಅನ್ನಕ್ಕೆ ಮೆಣಸಿನ ಸಾರು ಬಡಿಸಿ, ‘ಇದನ್ನ ತಾಯಿಮನೆ ಅಂದ್ಕೊಳ್ಳಿ’ ಎಂದರು. ಆ ಸಾರಿನ ಬಿಸಿ ಇಂದಿಗೂ ನನ್ನ ಎದೆಯಲ್ಲಿದೆ — ಎಂದು ಹೇಳಿ ಅರೆಗಳಿಗೆ ನಿಲ್ಲಿಸಿದೆ. ಮ್ಯೂಟ್ ಮಾಡಿಕೊಳ್ಳಲು ಮರೆತ ಯಾರೋ ಬಿಕ್ಕಿದ್ದು ಕೇಳಿಸಿತು. ತಲೆ ತಗ್ಗಿಸಿ ಕೂತಿದ್ದ ಡಾಕ್ಟರು, ನಾನು ‘ಸಾರು’ ಎಂದಾಗ ಮಾತ್ರ ತಲೆಯೆತ್ತಿ ಪರದೆಯನ್ನು ದಿಟ್ಟಿಸಿದರು. ದುಃಖ ಉಕ್ಕಿರಬೇಕು ಎಂದುಕೊಂಡೆ. ಭಾಷಣ ಚೆನ್ನಾಗಿ ಕೂತಿತು ಎಂದೂ ಅಂದುಕೊಂಡೆ — ಅದನ್ನೂ ಬರೆದುಬಿಡುತ್ತೇನೆ.

ಲ್ಯಾಪ್‌ಟಾಪು ಮುಚ್ಚಿದಾಗ ನನ್ನ ಹೆಂಡತಿ ಪದ್ಮ ಬಾಗಿಲಲ್ಲಿ ನಿಂತಿದ್ದಳು.

“ಅವರ ಮನೇಲಿ ನಾವು ಯಾವಾಗ ರೀ ಊಟ ಮಾಡಿದ್ದು?”

“ನೀನು ಮರೆತಿದ್ದೀಯ.”

“ಇರ್ಬೋದು. ನನಗೆ ಅವರ ಮೇಲೆ ಬೇಜಾರಿತ್ತಲ್ಲ. ಅದಕ್ಕೇ ಮರೆತಿರ್ಬೇಕು.”

ನಾನು ಇಸ್ತ್ರಿ ಶರ್ಟು ಕಳಚಲು ಎದ್ದೆ. ಇಡೀ ಸಭೆಗೆ ಹೇಳಿದ್ದಕ್ಕಿಂತ ಬಾಗಿಲಲ್ಲಿ ನಿಂತವಳಿಗೆ ಹೇಳಿದ ಆ ಎರಡು ಪದಗಳ ಸುಳ್ಳೇ ಆಮೇಲೆ ನನ್ನನ್ನು ಬಿಡಲಿಲ್ಲ.

ನಿಜ ಏನೆಂದರೆ, ನನಗೆ ಗೊತ್ತಿದ್ದ ಸುಲೋಚನಾ ಅವರ ಕೈಯಲ್ಲಿ ಸೌಟು ಇರಲಿಲ್ಲ. ಕಾರಿನ ಕೀ ಇತ್ತು. ಗಂಡನ ವೀಸಾದ ಬಾಲ ಹಿಡಿದು ಬಂದು ಅಪಾರ್ಟ್‌ಮೆಂಟಿನಲ್ಲಿ ಕೂತಿರುತ್ತಿದ್ದ ಹೆಣ್ಣುಮಕ್ಕಳನ್ನು ಅವರು ಹುಡುಕಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಮಾಲಿನ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದೊಯ್ದು, ತಮ್ಮದೇ ಕಾರಿನಲ್ಲಿ ಕೂರಿಸಿ ಡ್ರೈವಿಂಗ್ ಕಲಿಸುತ್ತಿದ್ದರು. ಆಗ ನಾವು ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದೆವು. ನಮ್ಮ ಮಗಳು ಸ್ಟ್ರೋಲರಿನಲ್ಲಿದ್ದಳು. ಪದ್ಮ ಕೆಲವು ವಾರ ಕಲಿತಳು. ಒಂದು ಸಂಜೆ, ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದಲು ಜನ ಬೇಕಂತೆ, ಲೈಸೆನ್ಸು ಬಂದರೆ ತಾನೇ ಹೋಗಿಬರಬಹುದು ಎಂದು ಕಣ್ಣರಳಿಸಿ ಹೇಳಿದಳು.

ಮರುದಿನ ಆಫೀಸಿನಿಂದ ನಾನು ಸುಲೋಚನಾ ಅವರಿಗೆ ಫೋನ್ ಮಾಡಿದೆ.

“ನನ್ನ ಹೆಂಡತಿಗೆ ಡ್ರೈವಿಂಗ್ ಕಲಿಸಿ ಅಂತ ನಿಮಗೆ ಯಾರು ಹೇಳಿದ್ದು? ಇನ್ಮೇಲೆ ನಮ್ಮನೆ ಕಡೆ ಬರ್ಬೇಡಿ.”

ಆ ಕಡೆಯಿಂದ ಅವರು, “ಆಯ್ತು. ಅವಳಿಗೆ ನೀವೇ ಹೇಳಿ,” ಎಂದರು.

ನಾನು ಹೇಳಲಿಲ್ಲ.

ರಸ್ತೆಯಲ್ಲಿ ಹಿಮ, ಮಗು ಚಿಕ್ಕದು, ಇನ್ಷೂರೆನ್ಸು — ಇಂಥ ಮಾತುಗಳನ್ನು ಆಗ ನನಗೆ ನಾನೇ ಬಹಳ ಹೇಳಿಕೊಂಡೆ. ಯಾವುದೂ ಅಲ್ಲ. ಹಾಲು ತರಬೇಕೆಂದರೂ ಅವಳು ನನ್ನನ್ನು ಕೇಳಬೇಕಿತ್ತು. ಅದು ನನಗೆ ಹಿತವಾಗಿತ್ತು. ಅಷ್ಟೇ. ಲೊಂಬಾರ್ಡಿಗೆ ಬಂದು, ಮಗಳು ಶಾಲೆಗೆ ಸೇರಿ, ನನಗೇ ಬಿಡುವಿಲ್ಲದಂತಾದಾಗ ಪದ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತಳು. ನಾನೇ ಉದಾರವಾಗಿ ಸೇರಿಸಿದೆ. ಈಗ ನನ್ನ ಕಣ್ಣಿಗೆ ಹೈವೇ ನಿಷಿದ್ಧ. ನಾನು ಎಲ್ಲಿಗೆ ಹೋಗಬೇಕಾದರೂ ಅವಳನ್ನು ಕೇಳಬೇಕು.

ಸಂತಾಪಸಭೆಯಲ್ಲಿ ಕಾರಿನ ವಿಷಯ ತೆಗೆದರೆ ಆ ಫೋನಿನ ಹತ್ತಿರ ಹೋಗಬೇಕಾಗುತ್ತಿತ್ತು. ಹಾಗಾಗಿ ಅವರನ್ನು ಕಾರಿನಿಂದ ಇಳಿಸಿ ಒಲೆಯ ಮುಂದೆ ನಿಲ್ಲಿಸಿದೆ.

ಅಲ್ಲಿಗೇ ಮುಗಿದಿದ್ದರೆ ಈ ಬರಹ ಇರುತ್ತಿರಲಿಲ್ಲ; ನಾನು ಅಷ್ಟು ದೊಡ್ಡ ಮನುಷ್ಯನಲ್ಲ. ಆದರೆ ನನ್ನ ಸಾರು ಡೆಟ್ರಾಯಿಟಿನ ಕನ್ನಡಿಗರ ಎದೆಯಲ್ಲಿ ಕುದಿಯುತ್ತಲೇ ಇತ್ತು. ಅವರ ಹೊಸ ಸಭಾಂಗಣದ ಅಡುಗೆಮನೆಗೆ ‘ಸುಲೋಚನಾ ಪಾಕಶಾಲೆ’ ಎಂದು ಹೆಸರಿಡಬೇಕು, ವರ್ಷಾಬ್ದಿಕದ ಮರುದಿನ ಫಲಕದ ಅನಾವರಣ, ಮುಖ್ಯ ಭಾಷಣ ನನ್ನದೇ ಎಂದು ತೀರ್ಮಾನವಾಯಿತು. ‘ಅಂಕಲ್, ಆ ಸಾರಿನ ಸ್ಟೋರಿ ಮಿಸ್ ಮಾಡ್ಬೇಡಿ’ ಎಂದು ಅಲ್ಲಿಯ ಸಂಘದ ಕಾರ್ಯದರ್ಶಿ ಮೆಸೇಜು ಕಳಿಸಿದ. ನನ್ನ ಸುಳ್ಳಿಗೆ ಹಿತ್ತಾಳೆಯ ಫಲಕ! ಸಾಮಾನ್ಯವಾಗಿ ಇಂಥ ಗೌರವ ರಾಜಕಾರಣಿಗಳ ಸುಳ್ಳಿಗೆ ಮಾತ್ರ ಸಿಗುತ್ತದೆ.

ಡೆಟ್ರಾಯಿಟಿಗೆ ಹೊರಟೆವು. ಪದ್ಮ ಡ್ರೈವ್ ಮಾಡುತ್ತಿದ್ದಳು, ನಾನು ಪಕ್ಕದಲ್ಲಿ ಮೂಸಂಬಿ ಸುಲಿಯುತ್ತಿದ್ದೆ. ಮಿಷಿಗನ್ ರಾಜ್ಯದ ಗಡಿ ದಾಟುತ್ತಲೇ ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾರಿತು. ಬದುಕಿನಲ್ಲಿ ಹೀಗೆ ಸುಮ್ಮನೆ ಕಳೆದುಹೋದ ಕಾಲದ ಬಗ್ಗೆ ಏನೋ ತತ್ತ್ವ ಹೇಳಲು ಬಾಯಿ ತೆರೆದೆ. ಬೇರೆಯದೇ ಬಂತು.

“ಸುಲೋಚನಾ ಅವರು ಕಲಿಸೋದು ಬಿಟ್ಟಿದ್ದು ನನ್ನಿಂದ, ಪದ್ಮ. ನಾನು ಫೋನ್ ಮಾಡಿ ಬರ್ಬೇಡಿ ಅಂದೆ. ಆ ಸಾರೂ ಸುಳ್ಳು.”

ಅವಳು ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಹೆಗಲ ಮೇಲಿಂದ ಹಿಂತಿರುಗಿ ನೋಡಿ — ಎಲ್ಲವನ್ನೂ ಕಲಿಸಿಕೊಟ್ಟ ಕ್ರಮದಲ್ಲೇ ಮಾಡಿ — ಮುಂದಿನ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಕಾಫಿ ಇತ್ತು. ಒಂದೇ.

“ನಾನು ಓಡಿಸೋವಾಗ ಶಾಪಿಂಗ್ ಕಾರ್ಟು ತಗಲಿ ಅವರ ಕಾರಿಗೆ ಗೀರು ಬಿದ್ದಿತ್ತು,” ಎಂದಳು, ಮುಂದಿನ ಗಾಜನ್ನೇ ನೋಡುತ್ತ. “ಅದಾದ್ಮೇಲೇ ಅವರು ಬರೋದು ನಿಂತಿದ್ದು. ಇವಳು ದಡ್ಡಿ, ಇವಳ ಕೈಲಾಗಲ್ಲ ಅಂತ ಬಿಟ್ರು ಅಂದ್ಕೊಂಡೆ. ಅವರಿಗೆ ಹುಷಾರಿಲ್ಲ ಅಂತ ಗೊತ್ತಾದಾಗ್ಲೂ ಫೋನ್ ಮಾಡ್ಲಿಲ್ಲ ರೀ ನಾನು. ಇಷ್ಟು ವರ್ಷ ಅವರ ಮೇಲೆ…”

ನಾನು ‘ಕ್ಷಮಿಸು’ ಎಂದೆ. ಅಷ್ಟು ಸಂತಾಪ ಸೂಚಿಸಿದ ನಾಲಗೆಗೆ ಅದಕ್ಕಿಂತ ಉದ್ದದ್ದು ಏನೂ ಸಿಗಲಿಲ್ಲ.

“ಫಲಕ ಹಾಕೋಕೆ ಮುಂಚೆ ಡಾಕ್ಟ್ರಿಗೆ ಹೇಳಿ,” ಎಂದು ಕಾರು ಶುರು ಮಾಡಿದಳು. “ನಾನು ಪಕ್ಕದಲ್ಲೇ ನಿಂತಿರ್ತೀನಿ. ನಿಮ್ಮ ಧೈರ್ಯಕ್ಕಲ್ಲ, ತಪ್ಪಿಸ್ಕೋಬಾರ್ದು ಅಂತ.”

ಶ್ರಾದ್ಧದ ಊಟವಾಗಿ ನೆಂಟರು ಹೊರಟ ಮೇಲೆ ಡಾಕ್ಟರು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದರು. ನಾನು ಹೇಳಿದೆ. ಸಾರಿನ ಸುಳ್ಳು ಮೊದಲು, ಫೋನು ಆಮೇಲೆ. ಪದ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

ಡಾಕ್ಟರು ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನಕ್ಕರು. “ಅಲ್ರೀ ಶ್ರೀಕಂಠ, ಸುಲೋಚನಾಗೆ ಮೊಟ್ಟೆ ಬೇಯಿಸೋಕೂ ಬರ್ತಿರ್ಲಿಲ್ಲ. ಮದುವೆಯಾದಾಗಿನಿಂದ ಈ ಮನೇಲಿ ಸಾರು ಮಾಡಿದೋನು ನಾನು. ಅವತ್ತು ನಿಮ್ಮ ಭಾಷಣ ಕೇಳಿ, ಹೋಗೋವಾಗ ನನ್ನ ಸಾರಿನ ಹೆಸರೂ ತಗೊಂಡು ಹೋದಳಲ್ಲ ಅಂತ ಅಷ್ಟು ದುಃಖದಲ್ಲೂ ಹೊಟ್ಟೆ ಉರೀತು.”

“ಅವತ್ತೇ ಹೇಳಬಹುದಿತ್ತಲ್ಲ, ಡಾಕ್ಟ್ರೇ?”

“ಸಂತಾಪ ಹೇಳೋಕೆ ಬಂದೋರನ್ನ ಯಾರಾದ್ರೂ ತಿದ್ತಾರೇನ್ರೀ? ಬಂದಿದ್ದೇ ದೊಡ್ಡದು.” ನಗು ನಿಲ್ಲಿಸಿ ನನ್ನನ್ನು ನೋಡಿದರು. “ಆದರೆ ಆ ಫೋನು… ಒಬ್ಬ ಗಂಡ ಹೀಗಂದ ಅಂತ ಹೇಳಿದ್ದಳು. ಯಾರು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ನೀವೇನಾ ಅದು?”

ನಾನೇ ಎಂದೆ. ಅವರು ಪರವಾಗಿಲ್ಲ ಎನ್ನಲಿಲ್ಲ. ಎನ್ನದಿದ್ದುದಕ್ಕೆ ನಾನು ಅವರಿಗೆ ಋಣಿ.

ಅವರು ಪದ್ಮಳ ಕಡೆ ತಿರುಗಿದರು. “ಹಾಗಾದ್ರೆ ಆ ಹುಡುಗಿ ನೀನಮ್ಮ! ಅವಳಿಗೆ ಭಯಾನೇ ಇಲ್ಲ, ಕಾರ್ಟಿಗೆ ಗುದ್ದಿದ್ಮೇಲೂ ಇನ್ನೊಂದು ರೌಂಡು ಅಂದ್ಲು, ಒಳ್ಳೇ ಡ್ರೈವರ್ ಆಗ್ತಾಳೆ ಅಂತ ಸುಲೋಚನಾ ಹೇಳ್ತಿದ್ದಳು. ಆ ಗೀರನ್ನ ಸರಿಮಾಡಿಸೋಕೂ ಬಿಡ್ಲಿಲ್ಲ. ಗೀರಿನ ಸಮೇತಾನೇ ಆ ಕಾರು ಮಾರಿದ್ವಿ.”

ಪದ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಸೆರಗು ಸರಿಸಿದಾಗ ಅವಳು ಕಣ್ಣರಳಿಸಿ ನಗುತ್ತಿದ್ದಳು — ಹಾಗೆ ಕಣ್ಣರಳಿಸಿದ್ದನ್ನು ನಾನು ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಕೊನೆಯದಾಗಿ ನೋಡಿದ್ದು.

ಮರುದಿನ ಸಭಾಂಗಣದಲ್ಲಿ ಇದನ್ನೆಲ್ಲ ಮೈಕಿನ ಮುಂದೆ ಹೇಳಿದೆ. ಬಿಕ್ಕು ಕೇಳಿಸಲಿಲ್ಲ. ಹಿಂದಿನ ಸಾಲಿನಿಂದ ನಡುವಯಸ್ಸಿನ ಹೆಂಗಸೊಬ್ಬರು ಎದ್ದು ನಿಂತು, “ನನಗೂ ಅವರೇ ಕಲ್ಸಿದ್ದು,” ಎಂದರು. ಆಮೇಲೆ ಇನ್ನೊಬ್ಬರು. ಆಮೇಲೆ ಕುರ್ಚಿಗಳು ಸರಿಯುವ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಆ ಹೆಂಗಸರ ಗಂಡಂದಿರೂ ಅಲ್ಲಿದ್ದರು. ಅವರಲ್ಲಿ ಯಾರೂ ಅಂಥ ಫೋನು ಮಾಡಿರಲಿಲ್ಲ.

ಪಾಕಶಾಲೆಯ ಫಲಕವನ್ನು ಗೋಡೆಗೆ ಹಾಕಲಿಲ್ಲ. ಸಂತಾಪದ ಖಾತೆಗೆ ನಾನು ರಾಜೀನಾಮೆ ಕೊಟ್ಟಿದ್ದೇನೆ. ಶನಿವಾರ ಬೆಳಿಗ್ಗೆ ಪದ್ಮ ಲೊಂಬಾರ್ಡಿಗೆ ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ನನ್ನ ಕಾರಿನಲ್ಲಿ ಡ್ರೈವಿಂಗ್ ಕಲಿಸುತ್ತಾಳೆ. ಹಿಂದಿನ ಬಂಪರಿಗೆ ಗೀರು ಬಿದ್ದಿದೆ.