ಕಾಗೆಗಿಟ್ಟ ನೀರು

ಜಕ್ಕೂರಿನ ನಮ್ಮ ಮನೆಯ ಕಾಂಪೌಂಡಿನ ಮೇಲೆ ಸಾಲಾಗಿ ಕೂತಿರುವ ಮಣ್ಣಿನ ಬಟ್ಟಲುಗಳನ್ನು ನೋಡಿದರೆ, ಇಲ್ಲೇನು ಮಡಕೆ ವ್ಯಾಪಾರವೋ ಎಂದು ನೀವು ಕೇಳಿಯೇ ಕೇಳುತ್ತೀರಿ. ಅಲ್ಲ ಸ್ವಾಮಿ, ಅದು ನಮ್ಮತ್ತೆ ಮುನಿಯಮ್ಮನವರು ಕಾಗೆ, ಗುಬ್ಬಿ, ಅಳಿಲುಗಳಿಗೆಂದು ನಡೆಸುವ ಅರವಟ್ಟಿಗೆ. ಶಿವರಾತ್ರಿ ಕಳೆದ ಮೇಲೆ ಬಟ್ಟಲಿಡುವುದು, ಮಳೆಗಾಲ ಹಿಡಿದೊಡನೆ ತೊಳೆದು ಅಟ್ಟಕ್ಕೇರಿಸುವುದು ಅವರ ತವರಿನಿಂದ ಬಂದ ಪದ್ಧತಿ. ಈಗಲಾದರೋ ಬಿಸಿಲಿಗೂ ಮಳೆಗೂ ಪಂಚಾಂಗದ ಹಂಗೇ ಇಲ್ಲ. ಎಳ್ಳು ಬೀರುವ ಹೊತ್ತಿಗೇ ಬೆವರು, ನಡುಬೇಸಿಗೆಯಲ್ಲಿ ಧೋ ಎಂದು ಮಳೆ, ಮರುದಿನ ಮತ್ತೆ ಸೆಕೆ. ಹೀಗಾಗಿ ಅರವಟ್ಟಿಗೆ ವರ್ಷವಿಡೀ ನಡೆಯತೊಡಗಿತು.

ಅತ್ತೆಯದೊಂದು ನೇಮ: ದಾನ ಕೊಟ್ಟ ನೀರನ್ನು ಚೆಲ್ಲಬಾರದು. ಉಳಿದ ನೀರಿನ ಮೇಲೆಯೇ ಪ್ರತಿ ಬೆಳಿಗ್ಗೆ ಹೊಸದನ್ನು ಸುರಿಯುತ್ತಿದ್ದರು. ನಾವಾದರೂ ಸಂಜೆ ಕಿಟಕಿ ಮುಚ್ಚಿ, ಸಾಂಬ್ರಾಣಿ ಹಾಕಿ, ಸೊಳ್ಳೆಯನ್ನು ಗೆದ್ದೆವೆಂದು ಬೀಗುತ್ತಿದ್ದೆವು. ಡೆಂಗಿ ಸೊಳ್ಳೆಯೋ ಬಲು ಮಡಿವಂತ ಜೀವಿ. ತಿಳಿನೀರು ನೋಡಿ ಮೊಟ್ಟೆಯಿಟ್ಟು, ಹಾಡುಹಗಲೇ ಕಚ್ಚುತ್ತದೆ. ಸೆಕೆ ಏರಿದಂತೆ ಅದೂ ಬೇಗ ಬೆಳೆಯುತ್ತದೆ, ಅದರೊಳಗಿನ ವೈರಸ್ಸೂ ಬೇಗ ಬಲಿಯುತ್ತದೆ ಎನ್ನುತ್ತಾರೆ. ಹಿಂದೆ ಚಳಿ ಬಿದ್ದರೆ ಅಡಗುತ್ತಿದ್ದ ಕಾಯಿಲೆ ಈಗ ಕರೆಯದೆ ಬರುವ ನೆಂಟನಂತೆ ಯಾವಾಗ ಬೇಕಾದರೂ ಬಾಗಿಲು ತಟ್ಟುತ್ತದೆ.

ಈ ಸಲದ ಬೇಸಿಗೆಯಲ್ಲಿ ಅದು ತಟ್ಟಿದ್ದು ನಮ್ಮ ಬಾಗಿಲನ್ನು. ಅತ್ತೆಯ ಮಡಿಲಲ್ಲೇ ಬೆಳೆದ ನನ್ನ ಮಗಳು ಮೇಘನಾ ಡೆಂಗಿಯಿಂದ ಆಸ್ಪತ್ರೆ ಸೇರಿದಳು. ಮನೆ ಮನೆ ತಪಾಸಣೆಗೆ ಬಂದ ಆರೋಗ್ಯ ಕಾರ್ಯಕರ್ತೆ ಬಟ್ಟಲಲ್ಲಿ ಕುಣಿಯುತ್ತಿದ್ದ ಮರಿಹುಳುಗಳನ್ನು ತೋರಿಸಿದಾಗ ನಮ್ಮ ಯಜಮಾನರು ತಡೆಯಲಾರದೆ, "ಕಾಗೆಗೆ ಅಂತ ಇಟ್ಟು ಸೊಳ್ಳೆ ಸಾಕ್ದೆಯಲ್ಲಮ್ಮಾ" ಎಂದುಬಿಟ್ಟರು.

ಅತ್ತೆ ಎಲ್ಲ ಬಟ್ಟಲುಗಳನ್ನೂ ತಾವೇ ಬರಿದು ಮಾಡಿ ಅಟ್ಟಕ್ಕೆ ಹಾಕಿದರು. "ನನ್ ಕೈಯಾರೆ ಮಗೀಗೆ ಇಂಗ್ ಮಾಡ್ಬುಟ್ನಲ್ಲ ಸರೋಜಾ" ಎಂದು ನನ್ನೆದುರು ಒಮ್ಮೆ ಅತ್ತರು. ಆಮೇಲೆ ಮಾತೇ ನಿಂತಿತು. ಸಾರಿಗೆ ಉಪ್ಪು ಮರೆತರೂ ನನ್ನನ್ನು ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಹಗಲಿರುಳು ಹೊಗೆಯುಗುಳುತ್ತ ನಾವೆಲ್ಲ ಸೇರಿ ಕೆಡಿಸಿದ ಹವೆಯ ಪಾಪವನ್ನು, ಒಂದು ಸ್ಕೂಟರನ್ನೂ ಓಡಿಸದ ಈ ಹಿರಿಯ ಜೀವ ತಾನೊಂದೇ ಹೊತ್ತುಕೊಂಡಿತಲ್ಲ ಎಂದು ಸಂಕಟಪಟ್ಟೆ. ಮಗಳು ಗುಣವಾಗುತ್ತಾಳೆ, ಅತ್ತೆ ಮತ್ತೆ ಮೊದಲಿನಂತಾಗುತ್ತಾರೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಯಿತು.

ಮೇಘನಾ ಮನೆಗೆ ಬಂದಳು. ಮರುದಿನ ಬೆಳಿಗ್ಗೆ ಕಾಗೆಯೊಂದು ಬೋಳು ಕಾಂಪೌಂಡಿನ ಮೇಲೆ ಕೂತು ಒಂದೇ ಸಮನೆ ಕೂಗತೊಡಗಿತು. ಅವಳು ಅಪ್ಪನಿಂದ ಬಟ್ಟಲುಗಳನ್ನು ಇಳಿಸಿಕೊಂಡು, ತೆಂಗಿನ ನಾರು ಹಿಡಿದು ಅಂಗಳದಲ್ಲಿ ಉಜ್ಜಲು ಕೂತಳು.

"ಬ್ಯಾಡ ಕಣವ್ವಾ, ಆ ಪಾಪದ್ ಬಟ್ಲು" ಎಂದರು ಅತ್ತೆ, ಬಾಗಿಲಲ್ಲೇ ನಿಂತು.

"ನೀರಿಟ್ಟಿದ್ದು ತಪ್ಪಲ್ಲ ಅಜ್ಜಿ, ಬಟ್ಲು ಉಜ್ದೇ ಇದ್ದಿದ್ದು ತಪ್ಪು. ಹಳೇ ನೀರನ್ನ ದಿನಾ ದಾಸವಾಳಕ್ಕೆ ಹಾಕು. ಗಿಡಕ್ಕೂ ಬಾಯಾರಿಕೆ ಆಗಲ್ವಾ? ಅದೂ ದಾನಾನೇ."

ಅತ್ತೆ ದಾಸವಾಳವನ್ನು ನೋಡಿದರು, ಕಾಗೆಯನ್ನು ನೋಡಿದರು, ಮೊಮ್ಮಗಳ ಸೊರಗಿದ ಕೈಗಳನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು.

"ತತ್ತಾ ಇಲ್ಲಿ ಆ ನಾರ್ನ. ಜ್ವರ ಬಿಟ್ಟು ಇನ್ನೂ ಮೈ ಆರಿಲ್ಲ, ತಣ್ಣೀರಲ್ಲಿ ಆಟ ಆಡ್ತಾವ್ಳೆ. ಏ ಸರೋಜಾ, ಎಲ್ ಸತ್ತೋಗಿದ್ದೀಯೇ, ಮಗಳನ್ನ ಒಳೀಕ್ ಕರ್ಕೊಳ್ಳೋಕಾಗಲ್ವಾ ನಿಂಗೆ?"

ಆ ಬೈಗುಳ ಕೇಳಿ ನನಗೆಷ್ಟು ಸಂತೋಷವಾಯಿತೆಂದರೆ, ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲುತ್ತಿದ್ದರೂ ನಾನು ನಿಂತಲ್ಲೇ ನಗುತ್ತಿದ್ದೆ.