ಬರೀ ತಾಮ್ರವನ್ನು ಅರೆದದ್ದು

2004ರಲ್ಲಿ ನಾನು ರಾಣೇಬೆನ್ನೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಪಾಠ ಮುಗಿದ ಮೇಲೆ ಪಿಎಚ್.ಡಿ. ಕೆಲಸ. ವಿಷಯ ತಾಮ್ರ ಮತ್ತು ಕೋಬಾಲ್ಟಿನ ಮಿಶ್ರಲೋಹ. ಇವೆರಡೂ ಮಾತು ಬಿಟ್ಟ ವಾರಗಿತ್ತಿಯರಿದ್ದಂತೆ. ಕರಗಿಸಿ ಬೆರೆಸಿದರೂ ತಣ್ಣಗಾಗುತ್ತಲೇ ಬೇರೆ ಬೇರೆ ಕೂರುತ್ತವೆ. ಆದರೆ ಎರಡರ ಪುಡಿಯನ್ನೂ ಉಕ್ಕಿನ ಗುಂಡುಗಳ ಜೊತೆ ಗಟ್ಟಿ ಡಬ್ಬಿಗೆ ಹಾಕಿ ತಾಸುಗಟ್ಟಲೆ ತಿರುಗಿಸಿದರೆ, ಗುಂಡುಗಳ ಏಟಿಗೆ ಕಣಗಳು ಚಪ್ಪಟೆಯಾಗಿ, ಬೆಸೆದು, ಮುರಿದು, ಮತ್ತೆ ಬೆಸೆದು ಒಂದಾಗುತ್ತವೆ. ಇದೇ ಬಾಲ್ ಮಿಲ್ಲಿಂಗ್. ಕಣದೊಳಗಿನ ಹರಳುಗಳು ನ್ಯಾನೋಮೀಟರ್ ಅಳತೆಗೆ, ಅಂದರೆ ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಆ ಮಿಲ್ಲನ್ನು ನಾನು ಊರಿನ ಲೇಥ್ ವರ್ಕ್‌ಶಾಪಿನಲ್ಲಿ ಮುಂದೆ ನಿಂತು ಮಾಡಿಸಿದ್ದೆ. ಕರೆಂಟು ಹೋದಾಗಲೆಲ್ಲ ಅದನ್ನು ಬೈದದ್ದೂ ಉಂಟು.

ಪುಡಿಯನ್ನು ವಿಶ್ವವಿದ್ಯಾಲಯಕ್ಕೆ ಒಯ್ದು ಪರೀಕ್ಷಿಸಿದೆ. ಎಕ್ಸ್-ರೇ ರೇಖಾಚಿತ್ರದಲ್ಲಿ ಕೋಬಾಲ್ಟನ್ನು ತೋರಿಸುವ ಶಿಖರಗಳು ಮಾಯವಾಗಿ ತಾಮ್ರದವು ಅಗಲವಾಗಿದ್ದವು. ಕೋಬಾಲ್ಟ್ ತಾಮ್ರದೊಳಗೆ ಸೇರಿದೆ, ಹರಳು ಸಣ್ಣದಾಗಿದೆ ಎಂಬುದಕ್ಕೆ ಅದು ಗುರುತು. ತಾಮ್ರಕ್ಕೆ ಅಯಸ್ಕಾಂತದ ಗುಣವಿಲ್ಲ, ಕೋಬಾಲ್ಟಿಗಿದೆ. ನನ್ನ ಪುಡಿಗೆ ಚೆನ್ನಾಗಿಯೇ ಇತ್ತು. ನನಗೋ ಹಿಗ್ಗೋ ಹಿಗ್ಗು.

ಪ್ರಗತಿ ಪರಿಶೀಲನೆಗೆ ಬೆಂಗಳೂರಿನಿಂದ ಬಂದ ಪ್ರೊಫೆಸರರು ಮಿಲ್ಲಿನ ಫೋಟೋ ನೋಡಿ ನಕ್ಕರು. "ಈ ಅಯಸ್ಕಾಂತದ ಗುಣ ಕೋಬಾಲ್ಟಿಂದಲ್ಲಮ್ಮ, ಗುಂಡು ಸವೆದು ಬಿದ್ದ ಕಬ್ಬಿಣದ್ದು. ರಾಣೇಬೆನ್ನೂರಲ್ಲೆಲ್ಲ ಇಂಥ ಕೆಲಸ ಆಗೋಲ್ಲ. ನಮ್ಮ ಲ್ಯಾಬಲ್ಲಿ ಅರೆಸಿ, ಇಲ್ಲಾ ವಿಷಯ ಬದಲಿಸಿ" ಎಂದರು. ಅಷ್ಟೂ ವರ್ಷಗಳ ದುಡಿಮೆ ನೀರಿಗೆ ಬೀಳುವಂತಿತ್ತು. ಮೈಯೆಲ್ಲ ಉರಿದುಹೋಯಿತು.

ಸಿಟ್ಟು ಹೊತ್ತುಕೊಂಡೇ ಬ್ಯಾಡಗಿಯ ತವರಿಗೆ ಹೋದೆ. ನಮ್ಮಲ್ಲಿ ಖಾರದ ಗಿರಣಿ, ಹಿಟ್ಟಿನ ಗಿರಣಿ ಎರಡೂ ಒಂದೇ ಸೂರಿನಡಿ. ಅಂಗಳದಲ್ಲಿ ಗಿರಾಕಿಯೊಬ್ಬರು ಅಪ್ಪನ ಮೇಲೆ ಹರಿಹಾಯುತ್ತಿದ್ದರು: "ನಿಮ್ಮ ಗಿರಣ್ಯಾಗ ಬೀಸಿದ ಗೋದಿಹಿಟ್ಟು ಖಾರಕ್ಕ ಬಾಯಾಗ ಇಡಾಕ ಆಗವಲ್ದು. ಹುಡುಗ್ರೆಲ್ಲಾ ಅಳಾಕತ್ಯಾವ!"

ನನಗೆ ಎಲ್ಲಿಲ್ಲದ ರೋಷ ಬಂತು. "ತಡೀರಿ ಕಾಕಾ, ಗಿರಣಿ ತಪ್ಪು ಎಷ್ಟೈತಿ ನೋಡೇ ಬಿಡೂಣು" ಎಂದು ಮನೆಯ ಗೋದಿಯನ್ನು ಅದೇ ಗಿರಣಿಗೆ ಹಾಕಿ ಬೀಸಿ, ಚಿಟಿಕೆ ಹಿಟ್ಟನ್ನು ಅವರ ಕೈಗಿಟ್ಟೆ.

ನೆಕ್ಕಿ ನೋಡಿದ ಕಾಕಾ, "ಖಾರ ಐತಿ... ಆದ್ರ ಒಂಚೂರು" ಎಂದರು.

"ಉಳಿದ ಖಾರ ಎಲ್ಲಿಂದ ಬಂತ್ರಿ? ನೀವು ಗೋದಿ ತಂದ ಚೀಲಾ ಮೂಸಿ ನೋಡ್ರಿ."

ಮೆಣಸಿನಕಾಯಿ ತುಂಬಿದ್ದ ಹಳೆಯ ಚೀಲ ಅದು. ಮೂಗಿಗೆ ಹಿಡಿದದ್ದೇ ತಡ, ಕಾಕಾ ಸೀನಿದರು, ಸೀನುತ್ತಲೇ ಇದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ನನ್ನ ಡಬ್ಬಿ ಕಣ್ಣ ಮುಂದೆ ಬಂತು. ಕೋಬಾಲ್ಟ್ ಸೇರಿಸದೆ ಬರೀ ತಾಮ್ರವನ್ನು, ಅದೇ ಡಬ್ಬಿಯಲ್ಲಿ, ಅವೇ ಗುಂಡುಗಳ ಜೊತೆ, ಅಷ್ಟೇ ಹೊತ್ತು ಅರೆದರೆ? ಅದರಲ್ಲಿ ಕಾಣುವ ಅಯಸ್ಕಾಂತದ ಗುಣವೆಲ್ಲ ಸವೆದ ಕಬ್ಬಿಣದ್ದೇ ಆಗಿರಬೇಕಲ್ಲ!

ಮರುದಿನವೇ ಶುರು ಹಚ್ಚಿಕೊಂಡೆ. ಅಳೆದಾಗ ಬರೀ ತಾಮ್ರದ ಪುಡಿಯೂ ತುಸು ಅಯಸ್ಕಾಂತವಾಗಿತ್ತು. ಕಬ್ಬಿಣ ಸೇರಿದ್ದು ಖರೆ. ಆದರೆ ಮಿಶ್ರಲೋಹದ ಎದುರು ಅದು ಬಲು ಕಡಿಮೆ. ನನ್ನ ಮಾರ್ಗದರ್ಶಕರು ಧಾರವಾಡದ ಕಡೆಯವರು, ಹೆದರಿದರು. "ಇದನ್ನ ಬರೀಬ್ಯಾಡ್ರಿ ಮೇಡಮ್. ನಾವ ಅವರ ಕೈಯಾಗ ಬಡಿಗಿ ಕೊಟ್ಟಂಗ ಆಕ್ಕೈತಿ."

"ಕೊಡೂಣ್ರಿ ಸರ್. ಹೊಡೀತಾರೇನು ನೋಡೂಣು" ಎಂದೆ. ವರದಿಯಲ್ಲಿ ಬರೆದೇ ಬರೆದೆ.

ಮುಂದಿನ ಪರಿಶೀಲನೆಯಲ್ಲಿ ಅದೇ ಪ್ರೊಫೆಸರರು ಆ ಪುಟದ ಮೇಲೆ ಬೆರಳಿಟ್ಟರು. "ನೋಡಿ, ಕಬ್ಬಿಣ ಇದೆ ಅಂತ ನೀವೇ ಒಪ್ಕೊಂಡಿದೀರಿ."

"ಐತ್ರಿ ಸರ್" ಎಂದೆ. ಸಿಟ್ಟಿನಲ್ಲಿ ನನ್ನ ಗ್ರಂಥಭಾಷೆ ಎಲ್ಲೋ ಬಿಟ್ಟುಹೋಗಿತ್ತು. "ಎಷ್ಟೈತಿ ಅಂತ ಅಳದು, ಅದನ್ನ ಕಳದು ಬರದೇನಿ. ಕಳದಮ್ಯಾಲೆ ಉಳದದ್ದು ಕೋಬಾಲ್ಟಿಂದು. ನಿಮ್ಮ ಲ್ಯಾಬಿನ ಗುಂಡೂ ಉಕ್ಕಿನವ ಅಲ್ರಿ? ಅಲ್ಲಿ ಬರೀ ತಾಮ್ರ ಅರದು ಎಂದಾದ್ರೂ ನೋಡೀರೇನ್ರಿ?"

ಪ್ರೊಫೆಸರರು ಪುಟ ತಿರುವಿ, "ಮುಂದಕ್ಕೆ ಹೋಗಿ" ಎಂದರು. ಪದವಿ ಬಂತು, ಅದೇ ವಿಷಯಕ್ಕೆ, ಅದೇ ಮಿಲ್ಲಿನ ಪುಡಿಗೆ.

ಅವರ ಅನುಮಾನ ತಪ್ಪಾಗಿರಲಿಲ್ಲ, ಅದನ್ನು ಇವತ್ತಿಗೂ ಒಪ್ಪುತ್ತೇನೆ. ಅನುಮಾನ ಬಂದರೆ ಅಳೆದು ನೋಡಬೇಕು. ಅಳೆಯದೆ ಊರಿನ ಹೆಸರು ಕೇಳಿಯೇ ತೀರ್ಪು ಕೊಟ್ಟರೆ ಅದು ವಿಜ್ಞಾನವಲ್ಲ, ಸೊಕ್ಕು.